ಜೀರಕ ಅಂದರ ಜೀರಗಿ

ಬೀಳಗಿ
೧೨ ಫೆಬ್ರುವರಿ ೨೦೦೬

ಅಕ್ಕಾ,

ಜಯಜಿನೇಂದ್ರ. ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಲ್ಲ ಎಂಬುದು ಗೊತ್ತಾಗಿದೆ.

ನಿನ್ನೆ ನಿನ್ನ ಯಜಮಾನರು, ತಾತ್ಯಾಸಾಹೇಬ ಮಾಮಾ, ಕಬ್ಬಿನ ಕೆಲಸಕ್ಕೆಂದು ಈ ಕಡೆ ಬಂದವರು ನಮ್ಮ ಮನೆಗೂ ಬಂದಿದ್ದರು. ಚಹಾ ಬಸಿಗೆ ಸುರಿದುಕೊಳ್ಳುತ್ತ, ಪೇಟೆಯ ಸುದ್ದಿ ಹೇಳಿದ ಹಾಗೆ ಹೇಳಿದರು: "ನಿಮ್ಮ ಅಕ್ಕಗ ಕಾಮಣಿ ಆಗಿತ್ತವಾ. ಕೈ ಸುಡಿಸ್ಕೊಂಡ ಬಂದ್ವಿ. ಈಗ ಆರಾಮದಾಳ." ನನ್ನ ಕೈಯಲ್ಲಿದ್ದ ಚುಡಾದ ತಟ್ಟೆ ಅಲ್ಲೇ ಇಟ್ಟೆ. ಇಟ್ಟೆನೋ ಬಡಿದೆನೋ, ಅವರನ್ನೇ ಕೇಳು.

ವರ್ಷಕ್ಕೊಮ್ಮೆ ಹತ್ತನೆಯ ಇಯತ್ತೆಯ ಹುಡುಗರಿಗೆ ಪಚನಾಂಗಗಳ ಚಿತ್ರ ಬರೆದು ಪಾಠ ಹೇಳುವವಳು ನಾನು. ನನ್ನ ಸ್ವಂತ ಅಕ್ಕ ಯಾವನೋ ಮುದುಕನ ಮುಂದೆ ಮುಂಗೈ ಚಾಚಿ ಕಾದ ಕಬ್ಬಿಣ ಇಡಿಸಿಕೊಂಡು ಬರುತ್ತಾಳೆ. ಕಣ್ಣು ಹಳದಿಯಾಗುವುದು ಕೈಯಿಂದ ಅಲ್ಲ. ಪಿತ್ತಜನಕಾಂಗದಲ್ಲಿ ತಯಾರಾಗುವ ಪಿತ್ತ ಕರುಳಿಗೆ ಇಳಿಯಬೇಕು. ಇಳಿಯುವ ದಾರಿ ಕಟ್ಟಿದರೆ ಅದು ರಕ್ತಕ್ಕೆ ಹತ್ತುತ್ತದೆ, ಕಣ್ಣಿಗೆ ಬರುತ್ತದೆ. ದಾರಿ ಯಾಕೆ ಕಟ್ಟಿತು ಅನ್ನುವುದನ್ನು ನೋಡಬೇಕೋ, ಮುಂಗೈ ಸುಡಬೇಕೋ?

ಫೋನಿನಲ್ಲಿ ಇಷ್ಟೂ ಹೇಳಬಹುದಿತ್ತು. ನಿಮ್ಮ ಫೋನು ಪಡಸಾಲಿಯಲ್ಲಿ ಅತ್ತೆಯವರ ತಲೆದೆಸೆಗೆ ಇದೆ, ಅವರು ಕೇಳಿಸಿಕೊಂಡು ಮೂರು ದಿನ ನಿನ್ನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ಮಾರ್ಚಿನಲ್ಲಿ ಪರೀಕ್ಷೆಯ ಕೆಲಸ ಮುಗಿದ ಮರುದಿನ ಬಂದು ನಿನ್ನನ್ನು ಮಿರಜಿನ ದವಾಖಾನೆಗೆ ಕರೆದೊಯ್ಯುತ್ತೇನೆ. ಸೀರೆ ಮಡಚಿ ತಯಾರಿರು.

ನಿನ್ನ ತಂಗಿ,
ಪ್ರಾಚಿ


ತೇರದಾಳ
೨೦ ಫೆಬ್ರುವರಿ ೨೦೦೬

ಚಿ. ಪ್ರಾಚಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಪತ್ರವೋ ಛಡಿ ಏಟೋ ಗೊತ್ತಾಗಲಿಲ್ಲ. ನಾನು ನಿನ್ನ ಶಾಲೆಯ ಹುಡುಗಿ ಅಲ್ಲ. ಅವ್ವ ತೀರಿದ ಮೇಲೆ ನಿನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು ನಾನು. ಸುಟ್ಟಿದ್ದು ನನ್ನ ಕೈ. ಅದು ಒಣಗಿದೆ, ಕಣ್ಣಿನ ಹಳದಿಯೂ ಹೋಗಿದೆ. ಯಾತರಿಂದ ಹೋಯಿತು ಎಂದು ವಾದ ಮಾಡಲು ನನಗೆ ಬಿಡುವಿಲ್ಲ.

ಇಲ್ಲಿ ಎಲ್ಲರೂ ಆರಾಮ. ಸರಿತಾ ಎಂಟನೆಯ ಇಯತ್ತೆಯಲ್ಲಿ ಗಣಿತಕ್ಕೆ ಹಿಂದೆ ಬಿದ್ದಿದ್ದಾಳೆ. ನನಗೆ ಊಟ ಸೇರುತ್ತದೆ. ಹಾಗೆ ನೋಡಿದರೆ ಎಲ್ಲರಿಗಿಂತ ಹೆಚ್ಚೇ ಉಣ್ಣುತ್ತೇನೆ. ಮೈಗೆ ಹತ್ತುವುದಿಲ್ಲ ಅಷ್ಟೆ. ನಿನ್ನ ಮದುವೆಯಲ್ಲಿ ಹೊಲಿಸಿದ ಕುಪ್ಪಸಗಳಿಗೆಲ್ಲ ಎರಡೆರಡು ಹೊಲಿಗೆ ಹಾಕಿದ್ದೇನೆ. ಅತ್ತೆ ಮೊನ್ನೆ ಬಾಜೂ ಮನೆಯವರ ಮುಂದೆ ಅಂದರು, "ತಿಂದಿದ್ದು ಎಲ್ಲಿ ಹೊಕ್ಕೈತೋ, ಹೊಟ್ಟಿಕಿಚ್ಚಿನ ಮಂದಿಗೆ ಅನ್ನ ಹತ್ತಾಂಗಿಲ್ಲ." ಊರ ಬಾಯಿಗೇ ಮುಚ್ಚಳ ಇಲ್ಲ, ಮನೆಯ ಬಾಯಿಗೆ ಎಲ್ಲಿಂದ ತರಲಿ.

ಇನ್ನೊಂದು ಮಾತು. ಬರೆಯಲು ನಾಚಿಕೆ. ಸಂಡಾಸಿಗೆ ಹೋದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ತುಪ್ಪ ತಿಂದ ದಿನ ಹೆಚ್ಚು. ಹೊಟ್ಟೆ ನೋವು ಬೆನ್ನಿಗೆ ಹೊಕ್ಕಾಗ ಕವದಿ ಮಡಚಿ ಹೊಟ್ಟೆಗೆ ಒತ್ತಿಕೊಂಡು ಕುಳಿತರೆ ಹಗುರಾಗುತ್ತದೆ. ಇದನ್ನು ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ.

ಮಿರಜಿಗೆ ನಾನು ಬರುವುದಿಲ್ಲ.

ನಿನ್ನ ಅಕ್ಕ,
ಮಹಾದೇವಿ


ಬೀಳಗಿ
೩ ಏಪ್ರಿಲ್ ೨೦೦೬

ಅಕ್ಕಾ,

ಬರುವುದಿಲ್ಲ ಎಂದವಳನ್ನು ಎಳೆದುಕೊಂಡು ಹೋಗಿದ್ದಕ್ಕೆ ಇನ್ನೂ ಮುಖ ಗಂಟು ಹಾಕಿಕೊಂಡಿದ್ದೀಯಂತೆ. ಹಾಕಿಕೊ. ಮಿರಜಿನ ಡಾಕ್ಟರರು ಹೇಳಿದ್ದು ಆ ಗದ್ದಲದಲ್ಲಿ ನಿನ್ನ ತಲೆಗೆ ಹೋಗಿರಲಿಕ್ಕಿಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಪಿತ್ತಜನಕಾಂಗ ಚೆನ್ನಾಗಿದೆ. ರೋಗ ಇರುವುದು ಅದರ ಜೋಡಿಗಾರನಲ್ಲಿ. ಜಠರದ ಹಿಂದೆ ಅಡ್ಡಡ್ಡ ಮಲಗಿರುವ ಮೇದೋಜೀರಕದಲ್ಲಿ. ಇವೆರಡೂ ಸುರಿಸುವ ರಸ ಸಣ್ಣ ಕರುಳಿನ ಒಂದೇ ಬಾಯಿಗೆ ಬಂದು ಸೇರುತ್ತದೆ. ನೀನು ರೊಟ್ಟಿಯ ಮೇಲೆ ತುಪ್ಪ ಹಾಕಿಕೊಂಡು ತಿಂದೆ ಎಂದುಕೊ. ಪಿತ್ತ ಆ ಜಿಡ್ಡನ್ನು ಒಡೆದು ಸಣ್ಣ ಹನಿ ಮಾಡುತ್ತದೆ, ಜಿಡ್ಡಿನ ಬೋಗುಣಿಗೆ ಸಬಕಾರ ಹಚ್ಚಿದ ಹಾಗೆ. ಹಚ್ಚಿದರೆ ಆಯಿತೇ, ತಿಕ್ಕಿ ತೊಳೆಯುವವರು ಬೇಕಲ್ಲ. ತೊಳೆಯುವುದು ಮೇದೋಜೀರಕದ ರಸ. ತುಪ್ಪ, ಬೇಳೆ, ಹಿಟ್ಟು ಮೂರನ್ನೂ ಮೈ ಹೀರಿಕೊಳ್ಳುವಷ್ಟು ಸಣ್ಣಗೆ ಮಾಡುವುದು ಅದೇ. ನಿನ್ನ ಮೇದೋಜೀರಕದ ನಾಳದಲ್ಲಿ ಹರಳು ಕಟ್ಟಿ, ಅದು ಬಾತು ಪಕ್ಕದ ಪಿತ್ತನಾಳವನ್ನೂ ಒತ್ತಿತ್ತು. ಅದಕ್ಕೆ ಕಾಮಣಿ. ಬಾವು ಇಳಿಯಿತು, ಹಳದಿ ಹೋಯಿತು. ಹೆಸರು ಬಂದದ್ದು ಕೈ ಸುಟ್ಟ ಮುದುಕನಿಗೆ.

ಈಗ ಅದು ಹೆಚ್ಚುಕಡಿಮೆ ಬತ್ತಿದೆ. ನೀನು ಉಂಡದ್ದು ಹಾಗೇ ದಾಟಿ ಹೋಗುತ್ತಿದೆ. ತುಂಬಿದ ಎಡೆಯ ಮುಂದೆ ಕುಳಿತು ನೀನು ಉಪವಾಸ ಸಾಯುತ್ತಿದ್ದೀ, ತಿಳಿಯಿತೇ?

ಔಷಧ ಬರೆದುಕೊಟ್ಟರೆ ಅಲ್ಲೇ ರಂಪ ಮಾಡಿದಿ. "ಕ್ಯಾಪ್ಸೂಲಿನ ಟೊಪ್ಪಿಗಿ ಎಲುಬಿಂದ ಮಾಡ್ತಾರ, ನಾ ನುಂಗಾಂಗಿಲ್ಲ" ಎಂದು ಮಂದಿಯ ಮುಂದೆ ಕೈಬೀಸಿ ಎಸೆದಿ. ಆಗಲಿ, ಟೊಪ್ಪಿಗೆ ಬೇಡ. ಒಂದೊಂದನ್ನೂ ನಾನೇ ಬಿಚ್ಚಿ ಒಳಗಿನ ಕಾಳು ಮಾತ್ರ ತೆಗೆದು ಪೊಟ್ಟಣ ಕಟ್ಟಿ ಕಳಿಸಿದ್ದೇನೆ. ಉಣ್ಣುವಾಗ ಮೊದಲ ತುತ್ತಿನ ಜೊತೆ ಒಂದು ಪೊಟ್ಟಣ. ಅಗಿಯಬೇಡ, ನುಂಗು. ಬಿಸಿ ಅನ್ನದಲ್ಲಿ ಕಲಸಬೇಡ.

ಕಾಳಿನಲ್ಲಿ ಏನಿದೆ ಎಂದು ನೀನು ಕೇಳದೆ ಬಿಡುವವಳಲ್ಲ, ಅದಕ್ಕೆ ಮೊದಲೇ ಬರೆಯುತ್ತೇನೆ. ನಿನ್ನಲ್ಲಿ ಕಡಿಮೆಯಾಗಿರುವುದೇ ಅದರಲ್ಲಿದೆ. ಮೇದೋಜೀರಕದ ಸತ್ವ.

ನಿನ್ನ ತಂಗಿ,
ಪ್ರಾಚಿ


ತೇರದಾಳ
೨೮ ಮೇ ೨೦೦೬

ಚಿ. ಪ್ರಾಚಿಗೆ ಆಶೀರ್ವಾದ.

ಈ ಪತ್ರವನ್ನು ಒಳಗಿನ ಕೋಣೆಯ ದೊಡ್ಡ ಕನ್ನಡಿಯ ಮುಂದೆ ಕುಳಿತು ಬರೆಯುತ್ತಿದ್ದೇನೆ. ಗಲ್ಲ ತುಂಬಿದೆ. ಕುಪ್ಪಸದ ಹೊಲಿಗೆ ಒಂದೊಂದಾಗಿ ಬಿಚ್ಚುತ್ತಿದ್ದೇನೆ. ನೀರಿನ ಮೇಲೆ ಎಣ್ಣೆ ಇಲ್ಲ. ಒಂದು ಹೋಳಿಗೆ, ಮೇಲೆ ತುಪ್ಪ, ತಿಂದು ಅರಗಿಸಿಕೊಂಡೆ. ನೀನು ಬೈದು ಬೈದು ಬದುಕಿಸಿದಿ ಎಂದು ಅವರು ಎಲ್ಲರ ಮುಂದೆ ಹೇಳುತ್ತಾರೆ.

ಆದರೆ ಸಿಟ್ಟು ಬರುವಂಥ ಒಂದು ಮಾತು ಆಯಿತು. ಅತ್ತೆಯವರ ತಮ್ಮನ ಮಗ ಅಪ್ಪಾಸಾಬ ಬಂದಿದ್ದ. ಎಲ್ಲಿಯೋ ಔಷಧದ ಅಂಗಡಿಯಲ್ಲಿ ಕೂತು ಅರ್ಧ ಡಾಕ್ಟರ ಆಗಿದ್ದಾನೆ. ಪಡಸಾಲಿಯಲ್ಲಿ ಕೂತು, "ಅತ್ತಿ, ಈ ಜಡ್ಡು ಬರೂದು ಸೆರೆ ಕುಡಿಯೋರಿಗೆ" ಅಂದ. ಅತ್ತೆ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದವಳು ನಾನು. ಲಟ್ಟಣಿಗೆ ಕೈಯಲ್ಲೇ ಇತ್ತು, ಹಾಗೇ ಹೊರಗೆ ಬಂದು ಕೇಳಿದೆ: "ಯಾವ ಅಂಗಡ್ಯಾಗ ಕುಡದೇನಿ ತೋರಿಸ್ತಿಯೇನಪಾ? ನಡಿ, ಈಗ ಹೋಗೂಣು." ಅವನು ಚಹಾ ಬಿಟ್ಟು ಎದ್ದು ಹೋದ.

ಆಮೇಲೆ ಅತ್ತೆಗೆ ನಿನ್ನ ಪತ್ರ ಓದಿ ತಿಳಿಸಿ ಹೇಳಿದೆ. ಸರಿತಾ ಹುಟ್ಟಿದಾಗ ಬಾಣಂತನಕ್ಕೆ ಜೀರಕಾರಿಷ್ಟದ ಬಾಟಲಿ ತಂದಿದ್ದರಲ್ಲ, ಜೀರಕ ಅಂದರೆ ಜೀರಗಿ. ಮೇದೋಜೀರಕ ಅಂದರೆ ಹೊಟ್ಟೆಯೊಳಗಿನ ಜೀರಗಿ. ಅದು ನನ್ನಲ್ಲಿ ಬತ್ತಿದೆ, ಹೊರಗಿನ ಜೀರಗಿಯ ಸತ್ವ ಕೊಟ್ಟು ತುಂಬುತ್ತಾರೆ. ಕಾಳು ನೋಡಿದರೂ ಹಾಗೇ ಇದೆ. ಅತ್ತೆ ಒಪ್ಪಿದರು. "ಜೀರಗಿ ಒಳ್ಳೇದು, ನಮ್ಮ ಹಿರ್‍ಯಾರೂ ಅದನ್ನ ಕೊಡ್ತಿದ್ರು" ಅಂದರು. ಈಗ ಓಣಿಗೆಲ್ಲ ನನ್ನ ಜೀರಗಿ ಔಷಧದ ಸುದ್ದಿ.

ಒಂದು ತಿಳಿಯಲಿಲ್ಲ. ಬಿಸಿಗೆ ಹಾಕಬೇಡ ಎಂದಿ. ಜೀರಗಿಯನ್ನು ನಾವು ಕಾದ ಎಣ್ಣೆಗೇ ಹಾಕುತ್ತೇವಲ್ಲ, ಬಿಸಿ ತಾಗಿದರೆ ಅದಕ್ಕೇನಾಗುತ್ತದೆ? ಬರೆದು ತಿಳಿಸು.

ನಿನ್ನ ಅಕ್ಕ,
ಮಹಾದೇವಿ


ಬೀಳಗಿ
೧೯ ಜೂನ್ ೨೦೦೬

ಅಕ್ಕಾ,

ಕನ್ನಡಿಯ ಸುದ್ದಿ ಓದಿ ನಾನೂ ನಮ್ಮ ಮನೆಯವರೂ ಪೇಢೆ ತಂದು ತಿಂದೆವು. ಪೊಟ್ಟಣ ಕಳಿಸಿದ್ದೇನೆ. ಒಂದು ಹೊತ್ತೂ ತಪ್ಪಿಸಬೇಡ.

ಶಾಲೆ ಶುರುವಾಗಿದೆ. ಹೊಳೆಯ ಹಿನ್ನೀರು ಇನ್ನೂ ಏರಿಲ್ಲ, ಏರುವ ಮೊದಲು ಸಾಮಾನು ಸಾಗಿಸುವವರ ಟ್ರ್ಯಾಕ್ಟರುಗಳ ಸದ್ದಿನಲ್ಲಿ ಪಾಠ ಹೇಳುವುದೇ ಕಷ್ಟವಾಗಿದೆ. ಅಪ್ಪಾಸಾಬ ಮತ್ತೆ ಬಂದರೆ ಹೇಳು, ಕುಡಿಯದವರಿಗೂ ಈ ರೋಗ ಬರುತ್ತದೆ, ಓದಿಕೊಂಡು ಬಾ ಎಂದು. ಲಟ್ಟಣಿಗೆ ಬೀಸಿದರೂ ನನ್ನ ಅಡ್ಡಿ ಇಲ್ಲ.

ಬಿಸಿ ತಾಗಿದರೆ ಗುಣ ಹೋಗುತ್ತದೆ. ಅಷ್ಟೇ. ಔಷಧದ ವಿಷಯ ಓಣಿಯ ತುಂಬ ಯಾಕೆ ಮಾತಾಡುತ್ತೀ? ನಿನ್ನ ಹೊಟ್ಟೆ ನಿನ್ನದು, ಸುಮ್ಮನೆ ತಿಂದುಕೊಂಡು ಇರು.

ಪ್ರಾಚಿ


ತೇರದಾಳ
೮ ಸೆಪ್ಟೆಂಬರ್ ೨೦೦೬

ಚಿ. ಪ್ರಾಚಿಗೆ ಆಶೀರ್ವಾದ.

ಮೊನ್ನೆಗೆ ದಶಲಕ್ಷಣ ಪರ್ವ ಮುಗಿಯಿತು. ಈ ಸಲ ಚಾತುರ್ಮಾಸಕ್ಕೆ ನಮ್ಮೂರಿಗೆ ಮಾತಾಜಿಯೊಬ್ಬರು ಬಂದಿದ್ದಾರೆ. ಕಡ್ಡಿಯಂಥ ದೇಹ, ಮಾತು ಬಂಗಾರ. ದಿನಕ್ಕೊಮ್ಮೆ ಬೊಗಸೆಯಲ್ಲಿ ಆಹಾರ, ಮತ್ತೆ ಮರುದಿನದ ತನಕ ನೀರೂ ಇಲ್ಲ. ಅವರು ಯಾರ ಮನೆಯ ಬಾಗಿಲಿಗೆ ನಿಲ್ಲುತ್ತಾರೆ ಎಂದು ಮೊದಲೇ ತಿಳಿಯುವುದಿಲ್ಲ. ಓಣಿಯ ಮಂದಿ ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಎರಡು ವರ್ಷದಿಂದ ನಾನು ನಿಂತಿರಲಿಲ್ಲ. ನಿಲ್ಲಲು ಕಾಲಲ್ಲಿ ಕಸುವಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಬೇಡಿಕೊಂಡದ್ದು ಒಂದೇ, ನನ್ನ ಕೈಯಿಂದ ಒಂದು ಸಲ ಆಹಾರ ಆಗಲಿ ಎಂದು.

ಮಾತಾಜಿಯವರಿಗೆ ಪರ್ವದ ಉಪವಾಸ ಮುಗಿದಾಗಿನಿಂದ ಅರಗುತ್ತಿಲ್ಲ. ಎರಡು ತುತ್ತಿಗೇ ಹೊಟ್ಟೆ ಹಿಡಿಯುತ್ತದೆ. ಅದನ್ನು ಕೇಳಿ ನನಗೆ ತಡೆಯಲಿಲ್ಲ. ಸಂಘದ ಬ್ರಹ್ಮಚಾರಿಣಿಯ ಹತ್ತಿರ ಹೋಗಿ ನನ್ನ ಕಾಳಿನ ವಿಷಯ ಹೇಳಿದೆ. ಅವರು ಕೇಳಿದರು, "ಏನೈತ್ರಿ ಅದರಾಗ?" ಜೀರಗಿಯ ಸತ್ವ, ಮತ್ತೇನಿಲ್ಲ ಎಂದೆ. "ಖಾತ್ರಿ ಐತೇನ್ರಿ?" ಎಂದರು. ನನ್ನ ತಂಗಿ ಸಾಯನ್ಸ್ ಟೀಚರ್, ಆಕೆಯೇ ಬರೆದು ತಿಳಿಸಿದ್ದಾಳೆ, ನನ್ನ ಮಾತಿಗೆ ನಾನು ಜವಾಬ್ದಾರಿ ಎಂದೆ. ಒಪ್ಪಿದರು.

ಸೋಮವಾರದಿಂದ ದಿನಾ ಬಾಗಿಲಲ್ಲಿ ನಿಲ್ಲುತ್ತೇನೆ. ಮಾತಾಜಿ ಬಂದ ದಿನ ಮೊದಲ ತುತ್ತಿನ ಜೊತೆ ನಿನ್ನ ಪೊಟ್ಟಣ. ನಿನ್ನ ಪುಣ್ಯ ನಿನಗೂ ಬರಲಿ.

ನಿನ್ನ ಅಕ್ಕ,
ಮಹಾದೇವಿ


ಬೀಳಗಿ
೧೧ ಸೆಪ್ಟೆಂಬರ್ ೨೦೦೬, ಸೋಮವಾರ

ಅಕ್ಕಾ,

ಇದನ್ನು ಒಬ್ಬಳೇ ಇದ್ದಾಗ ಓದು.

ನಿನ್ನ ಪತ್ರ ಈಗ ಕೈ ಸೇರಿತು. ಎರಡು ಸಲ ಫೋನು ಮಾಡಿದೆ. "ಆಕಿ ಬಸದಿಗೆ ಹೋಗ್ಯಾಳ, ಏನಾರ ಹೇಳೂದಿತ್ತೇನ?" ಎಂದರು ಅತ್ತೆ. ಅವರಿಗೆ ಏನು ಹೇಳಲಿ? ನಮ್ಮ ಶಾಲೆಯ ಮಹಾಲಿಂಗಪ್ಪ ಸರ್ ನಾಳೆ ಮೊದಲ ಬಸ್ಸಿಗೆ ಬನಹಟ್ಟಿಯ ಮನೆಗೆ ಹೊರಟಿದ್ದಾರೆ. ತೇರದಾಳಕ್ಕೆ ಹೋಗಿ ಕೈಗೇ ಕೊಡಿರಿ ಎಂದು ಕಾಲು ಹಿಡಿಯುವುದೊಂದು ಬಾಕಿ.

ಆ ಕಾಳನ್ನು ಮಾತಾಜಿಗೆ ಕೊಡಬೇಡ. ಅದು ಜೀರಗಿ ಅಲ್ಲ. ಮೇದೋಜೀರಕ ಎಂದರೆ ಒಂದು ಅಂಗ. ಜೀರ್ಣ ಮಾಡುವುದಕ್ಕೆ ಅದಕ್ಕೆ ಆ ಹೆಸರು. ಅದರ ಸತ್ವವನ್ನು ಒಂದು ಪ್ರಾಣಿಯ ಮೇದೋಜೀರಕದಿಂದಲೇ ತೆಗೆಯಬೇಕು. ಹಂದಿಯದು.

ಮಿರಜಿನ ಡಾಕ್ಟರರು ನನ್ನನ್ನು ಹೊರಗೆ ಕರೆದು, ನೀವು ಜೈನರಲ್ಲವೇ, ಪೇಷಂಟಿಗೆ ತಿಳಿಸಿ ಕೊಡಿರಿ ಎಂದಿದ್ದರು. ತಿಳಿಸುತ್ತೇನೆ ಎಂದು ನಾನು ಒಪ್ಪಿಕೊಂಡು ಬಂದೆ. ಟೊಪ್ಪಿಗೆಗೇ ಅಷ್ಟು ಕುಣಿದವಳಿಗೆ ಒಳಗಿನದನ್ನು ಹೇಗೆ ಹೇಳಲಿ? ಹೇಳಿದ್ದರೆ ನೀನು ತಿನ್ನುತ್ತಿರಲಿಲ್ಲ. ತಿನ್ನದಿದ್ದರೆ ಈ ಶ್ರಾವಣಕ್ಕೆ ನೀನು ಇರುತ್ತಿರಲಿಲ್ಲ. ಮಾಮಾಗೂ ಹೇಳಿಲ್ಲ.

ನಾನು ಒಂದಕ್ಷರ ಸುಳ್ಳು ಬರೆದಿಲ್ಲ. ತೆಗೆದು ನೋಡು, ಮೇದೋಜೀರಕದ ಸತ್ವ ಎಂದೇ ಬರೆದಿದ್ದೇನೆ. ಅದನ್ನು ಜೀರಗಿ ಮಾಡಿದ್ದು ನೀನು. ಊರಿಗೆ ಡಂಗುರ ಸಾರಿದ್ದೂ ನೀನು. ಸುಮ್ಮನೆ ತಿಂದುಕೊಂಡು ಇರು ಎಂದರೆ ಕೇಳಿದಿಯಾ? ಹೋಗಿ ಹೋಗಿ ಬೊಗಸೆಯಲ್ಲಿ ಉಣ್ಣುವವರಿಗೆ ಹೊರಟು ನಿಂತಿ.

ಬೈಯುವುದಿದ್ದರೆ ನನ್ನನ್ನು ಬೈ. ಕಾಳು ಬಿಡಬೇಡ.

ಪ್ರಾಚಿ


ತೇರದಾಳ
೧೪ ಸೆಪ್ಟೆಂಬರ್ ೨೦೦೬

ಪ್ರಾಚಿ,

ನಿಂಗ ಸಾಲಿ ಕನ್ನಡದಾಗ ಬರದರ ತಿಳಿಯಾಂಗಿಲ್ಲ. ಸಾಲಿ ಕನ್ನಡದಾಗ ಏನೇನ್ ಮುಚ್ಚಿಡಾಕ ಬರತೈತಿ ಅಂತ ನೀನ ಕಲಿಸಿದಿ. ಮನಿ ಕನ್ನಡದಾಗ ಬರೀತೇನಿ.

ಒಬ್ಬಾಕಿನ ಓದು ಅಂತ ಬರದಿ. ಮಂಗಳವಾರ ಮುಂಜಾನಿ ಮಡಿಸೀರಿ ಉಟ್ಟು ಕಲಶ ಹಿಡಕೊಂಡು ಬಾಗಲದಾಗ ನಿಂತಿದ್ದೆ. ಬಾಜೂಕ ಅತ್ತಿ, ಹಿಂದ ಅವರು. ನಿಮ್ಮ ಸರ್ ಓಡಕೋತ ಬಂದು, "ಅರ್ಜಂಟ್ ಐತ್ರಿ ಅಕ್ಕಾರ" ಅಂತ ಲಕೋಟಿ ಚಾಚಿದ್ರು. ಮಡಿಯೊಳಗ ನಾ ಕಾಗದ ಮುಟ್ಟಲೇನು? ಸರಿತಾಗ ಅಂದೆ, ಒಡದು ಓದವಾ, ನಿಮ್ಮ ಚಿಗವ್ವಗ ಏನಾಗೈತೋ ಅಂತ. ನಿಂಗೇನೋ ಆಗೈತಿ ಅನ್ಕೊಂಡೆ ನಾ. ಹುಡುಗಿ ಒದರಿ ಓದಿದ್ಲು. ಒಬ್ಬಳೇ ಇದ್ದಾಗ ಓದು ಅನ್ನೂದನ್ನೂ ಒದರೇ ಓದಿದ್ಲು. ಹಂದಿ ಅನ್ನೂತನಕ ಬಂದು ಬಾಯಿ ಮುಚ್ಚಿಕೊಂಡ್ಲು. ಎದುರುಮನಿಯವರು ಕಲಶ ಹಿಡಕೊಂಡೇ ನಮ್ಮ ಕಡೆ ತಿರುಗಿ ನೋಡಿದ್ರು.

ಅಷ್ಟರಾಗ ಮಾತಾಜಿ ಓಣಿಗೆ ತಿರುಗಿದ್ರು. ನೆಟ್ಟಗ ನಮ್ಮ ಬಾಗಲಕ್ಕ ಬಂದ್ರು. ಇಷ್ಟು ವರ್ಷದಾಗ ಮೊದಲನೇ ಸಲ. ತಿಷ್ಠ ತಿಷ್ಠ ಅಂತ ಒಳಗ ಕರೀಬೇಕಾದ ಬಾಯಿ ನಂದು ಬಿಚ್ಚಲಿಲ್ಲ. ಕಲಶ ಕೆಳಗಿಟ್ಟು ಹಿಂದಕ್ಕ ಸರದೆ. ಅವರು ಒಂದು ಗಳಿಗಿ ನಿಂತು ನೋಡಿ ಮುಂದಿನ ಮನಿಗೆ ಹೋದ್ರು. ನಾ ಮಾಡಿದ ಅಡಗಿ ಎಲ್ಲ ಹಂಗ ಉಳೀತು.

ಅತ್ತಿ ನನ್ನ ಉಣ್ಣೂ ಗಂಗಾಳ ಬ್ಯಾರೆ ಇಟ್ಟಾರ. ಅದಕ್ಕೂ ನಾ ಅಳಲಿಲ್ಲ. ನಿನ್ನ ಪತ್ರ ಮತ್ತ ಮತ್ತ ಓದಿದೆ. ಒಂದಕ್ಷರ ಸುಳ್ಳು ಬರದಿಲ್ಲ ಅಂತಿ. ಖರೆ. ಸುಳ್ಳು ಬರದಿಲ್ಲ, ಖರೇನೂ ಬರದಿಲ್ಲ. ಜೀರಗಿ ಅಂತ ನಾ ಬರದ ಕಳಿಸಿದಾಗ ಅಲ್ಲ ಅಂತ ಒಂದು ಮಾತು ಬರದಿದ್ದರ ಏನ್ ನಿನ್ನ ಕೈ ಸವೀತಿತ್ತು? ಬಿಸಿ ಯಾಕ ಆಗಾಂಗಿಲ್ಲ ಅಂತ ಮಕ್ಕಳಂಗ ಕೇಳಿದ್ನಲ್ಲ, ಓದಿ ನಕ್ಕಿ ಏನ?

ಮಾತಾಜಿ ಹೊಟ್ಟಿಗಿ ಹೋಗತೈತಿ ಅಂದ ಕೂಡಲೇ ನಿಂಗ ಖರೆ ನೆನಪಾತು. ಆಕಿಗಾದರ ಖರೆ, ನಂಗಾದರ ಜೀರಗಿ. ನಂದೇನು ಹೊಟ್ಟಿ ಅಲ್ಲ, ತಿಪ್ಪಿ ಅಂತ ತಿಳಕೊಂಡೇನು?

ಪೊಟ್ಟಣ ಎಲ್ಲಾ ತಿರುಗಿ ಕಳಿಸೇನಿ. ಎಣಿಸಕೋ.

ಮಹಾದೇವಿ


ಬೀಳಗಿ
೨೫ ಅಕ್ಟೋಬರ್ ೨೦೦೬

ಅಕ್ಕಾ,

ಮೂರು ಪತ್ರ ಬರೆದೆ, ನಿನ್ನಿಂದ ಉತ್ತರವಿಲ್ಲ. ದೀಪಾವಳಿಗೆ ಬಂದರೆ ಒಳಕೋಣೆಯ ಅಗಳಿ ಹಾಕಿಕೊಂಡು ಕುಳಿತಿ. ಸರಿತಾ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದಳು, "ಅವ್ವನ ಕೈಯಾಗಿನ ಬಳಿ ಮೊಣಕೈತನಕಾ ಜಾರಾಕತ್ತಾವ ಚಿಗವ್ವಾ."

ನನಗೂ ಸಿಟ್ಟಿದೆ, ಕೇಳಿಸಿಕೊ. ನಿನ್ನನ್ನು ಎತ್ತಿಕೊಂಡು ಓಡಾಡಿದವಳು ನಾನು. ಬೆಳಗಿನ ಪಾಠ ಮುಗಿಸಿ ಬಂದು ಒಂದೊಂದು ಟೊಪ್ಪಿಗೆ ಬಿಚ್ಚುತ್ತ ಕೂತವಳು ನಾನು. ಹಂದಿಯದು ಎಂದು ತಿಳಿದೇ ನನ್ನ ಕೈಯಿಂದ ಮುಟ್ಟಿದ್ದೇನೆ, ನಾನೂ ಅದೇ ಅಪ್ಪನ ಮಗಳು. ಆ ಪಾಪ ನನಗಿರಲಿ, ಅಕ್ಕ ಬದುಕಲಿ ಎಂದುಕೊಂಡೆ. ಅದು ನಿನಗೆ ಕಾಣುವುದಿಲ್ಲ. ನಿನಗೆ ಕಾಣುವುದು ನಿನ್ನ ಕಲಶ, ನಿನ್ನ ಬಾಗಿಲು, ಎದುರುಮನೆಯವರ ಕಣ್ಣು.

ಮಿರಜಿಗೆ ಹೋಗಿ ಕೇಳಿಕೊಂಡು ಬಂದೆ. ಪ್ರಾಣಿಯದಲ್ಲದ್ದು ಒಂದಿದೆ, ಬೂಷ್ಟಿನಿಂದ ಮಾಡುತ್ತಾರೆ. ಜಠರದ ಹುಳಿಯಲ್ಲೇ ಅದರ ಕಸುವು ಬಹಳಷ್ಟು ಹೋಗುತ್ತದೆ, ನಿನ್ನಷ್ಟು ಬತ್ತಿದವರಿಗೆ ಸಾಲಲಿಕ್ಕಿಲ್ಲ ಎಂದರು. ಡಬ್ಬಿಯ ಸಮೇತ ಕಳಿಸಿದ್ದೇನೆ. ಇದರಲ್ಲಿ ಹಂದಿಯಿಲ್ಲ, ಎಲುಬಿಲ್ಲ, ನಾನೂ ಇಲ್ಲ. ಅದನ್ನಾದರೂ ತಿನ್ನು.

ನಾನು ಮಾಡಿದ್ದು ತಪ್ಪೆಂದರೆ ತಪ್ಪು. ಹೊಟ್ಟೆಗೆ ಹಾಕಿಕೊ. ನಿನ್ನ ಹಟಕ್ಕೆ ಸರಿತಾಳನ್ನು ತಬ್ಬಲಿ ಮಾಡಬೇಡ. ಅವ್ವ ಇಲ್ಲದೆ ಬೆಳೆಯುವುದು ಹೇಗಿರುತ್ತದೆ ಎಂದು ನಮ್ಮಿಬ್ಬರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ರಾಚಿ


ತೇರದಾಳ
೭ ಡಿಸೆಂಬರ್ ೨೦೦೬

ಪ್ರಾಚಿ,

ನಿನ್ನ ಬೂಷ್ಟಿನ ಗುಳಗಿ ಒಂದು ತಿಂಗಳ ತಿಂದೆ. ನೀರಿನ ಮ್ಯಾಲ ಎಣ್ಣಿ ಮತ್ತ ತೇಲಾಕತ್ತೈತಿ. ಹೋದ ವಾರ ಬಾವಿಕಟ್ಟಿ ಮ್ಯಾಲ ಕೊಡ ಎತ್ತಾಕ ಹೋಗಿ ಕುಸದು ಕುಂತೆ. ಸರಿತಾ ಎತ್ತಿ ಒಳಗ ತಂದ್ಲು. ಆಕಿ ಸಾಲಿಗೆ ಹೋಗೂದು ಬಿಟ್ಟು ರೊಟ್ಟಿ ಬಡ್ಯಾಕತ್ಯಾಳ. ಬಡದ ರೊಟ್ಟಿ ನಂಗ ಹಾಕಿ, ಮಗ್ಗಲಾಗ ಕುಂತು, ಅರಗತೈತೋ ಇಲ್ಲೋ ಅಂತ ನನ್ನ ಮುಖ ನೋಡ್ತಾಳ. ನಿನ್ನ ಮುಖಾನೂ ಹಿಂಗ ಇತ್ತು, ಅವ್ವ ಮಲಗಿದ ವರ್ಷ.

ಮಾತಾಜಿ ಊರು ಬಿಡೂ ಮುಂಚೆ ಹೋಗಿ ಎಲ್ಲಾ ಹೇಳಿದೆ. ಜೀರಗಿ ಅಂತ ನಾ ಜವಾಬ್ದಾರಿ ಹೊತ್ತಿದ್ದನ್ನೂ ಹೇಳಿದೆ. "ಗೊತ್ತಿಲ್ದ ತಿಂದಿದ್ದಕ್ಕ ಪ್ರಾಯಶ್ಚಿತ್ತ ಐತಿ. ಗೊತ್ತಿದ್ದು ತಿನ್ನೂದು ಬಿಡೂದು ನೀನ ತಿಳಕೋಬೇಕವಾ" ಅಂದ್ರು. ತಿನ್ನು ಅನ್ನಲಿಲ್ಲ, ತಿನ್ನಬ್ಯಾಡ ಅನ್ನಲಿಲ್ಲ. ಪ್ರಾಯಶ್ಚಿತ್ತ ಮಾಡಕೊಂಡೆ. ಆಮ್ಯಾಲೆ ಇಷ್ಟು ದಿನ ತಿಳಕೋತ ಕುಂತೆ.

ನಂಗ ಸಾಯಾಕ ಮನಸಿಲ್ಲ. ಇದನ್ನ ಬರಿಯಾಕ ನಾಚಿಕಿ ಬರತೈತಿ ಅನ್ಕೊಂಡಿದ್ದೆ, ಬರಲಿಲ್ಲ. ಸರಿತಾ ಸಾಲಿಗೆ ಹೋಗಬೇಕು.

ಮಿರಜಿನ ಡಬ್ಬಿ ಕಳಸು. ಟೊಪ್ಪಿಗಿ ಬಿಚ್ಚಬ್ಯಾಡ. ಒಳಗಿನ ಚೀಟಿ ತಗೀಬ್ಯಾಡ. ಸರಿತಾನ ಕಡಿಂದ ಓದಿಸಿ, ಏನೈತಿ ಅಂತ ಕೇಳಿ, ನಾನ ನನ್ನ ಕೈಲೆ ನುಂಗ್ತೇನಿ. ಪಾಪ ನನ್ನ ಹೆಸರಿನ ಮ್ಯಾಗ ಬರಲಿ. ನನ್ನ ಪಾಲಿಂದನ್ನ ನೀ ತಿನ್ನಾಕ ನಾ ನಿಂಗ ಕೊಟ್ಟಿಲ್ಲ. ಜಡಿ ಹಾಕಿದಾಕಿ ನಾ, ನೀ ಅಲ್ಲ.

ಒಂದು ನೇಮ ಹಿಡದೇನಿ. ಈ ಕಾಳು ತಿನ್ನೂತನಕ ನನ್ನ ಕೈಲೆ ಯಾವ ತ್ಯಾಗಿಗೂ ಆಹಾರ ಕೊಡಾಂಗಿಲ್ಲ. ಅಂದರ ಸಾಯೂತನಕ. ಮುಂದಿನ ಚಾತುರ್ಮಾಸಕ್ಕ ಕಲಶ ಸರಿತಾ ಹಿಡೀತಾಳ, ನಾ ಒಳಗ ಪಡಸಾಲ್ಯಾಗ ಕುಂತಿರ್ತೇನಿ. ಅತ್ತಿಗೆ ಹೇಳೇನಿ, ಗಂಗಾಳ ಬ್ಯಾರೆನ ಇರಲಿ ಅಂತ. ಅವರು ಮರುದಿನ ಅದ ಗಂಗಾಳದಾಗ ತಾವ ನೀಡಿದ್ರು.

ನಿನ್ನ ತಪ್ಪು ಹೊಟ್ಟಿಗಿ ಹಾಕ್ಕೋ ಅಂತ ಬರದಿದ್ದಿ. ಹಾಕ್ಕೊಂಡೇನಿ. ಅರಗಿಲ್ಲ. ಅದನ್ನ ಅರಗಸೂ ಕಾಳು ಯಾವ ಪ್ರಾಣಿ ಹೊಟ್ಟ್ಯಾಗೂ ಇಲ್ಲ.

ಡಬ್ಬಿ ಲಗೂ ಕಳಸು.

ಅಕ್ಕ